ಒಂದೇ ಕಂಪ್ಯೂಟರು, ಐದು ಮಂದಿ: ಬೀಗದಕೈ ಯಾರ ಹತ್ತಿರ?



ಈ ಸಲ ಹೊಸ ಹುಣಿಸೆಹಣ್ಣನ್ನು ಹುಳ ಬೀಳದಂತೆ ವರ್ಷವಿಡೀ ಇಡುವ ಬಗೆಯನ್ನು ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಗುಬ್ಬಿಯಿಂದ ಒಂದು, ಕುಣಿಗಲ್ಲಿನಿಂದ ಒಂದು, ಹೀಗೆ ಎರಡು ಕಾಗದ ಬಂದವು. ಎರಡೂ ಮನೆಯ ಕಂಪ್ಯೂಟರಿನ ವಿಚಾರವೇ. ಹುಣಿಸೆಹಣ್ಣು ಹದಿನೈದು ದಿನ ಕಾಯಲಿ. ಈ ಇಬ್ಬರ ತಾಪತ್ರಯ ಕಾಯುವಂಥದ್ದಲ್ಲ. ನಾಳೆ ನಿಮ್ಮ ಮನೆಗೂ ನಮ್ಮ ಮನೆಗೂ ಬರಬಹುದಾದದ್ದು.

ಗುಬ್ಬಿಯ ಸೋದರಿ ಹದಿನಾಲ್ಕು ಜನರ ಸ್ತ್ರೀಶಕ್ತಿ ಸಂಘವೊಂದರ ಲೆಕ್ಕ ಬರೆಯುವವರು. ಮೊದಲು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೀತಿದ್ದರಂತೆ. ಮಗಳು ಹೇಳಿಕೊಟ್ಟ ಮೇಲೆ ಮೂರು ವರ್ಷದಿಂದ ಎಲ್ಲವೂ ಕಂಪ್ಯೂಟರಿನಲ್ಲಿ. ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ಕ್ಕೆ ಕಂಪನಿಯ ಉಚಿತ ಬೆಂಬಲ ನಿಂತಿತಲ್ಲ, ಆಗ ಅವರ ದೊಡ್ಡ ಮಗ ಹಳೆಯ ಯಂತ್ರಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟ. ದುಡ್ಡೂ ಬೇಡ, ಹೊಸ ಕಂಪ್ಯೂಟರೂ ಬೇಡ. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿ ಇದ್ದದ್ದು ಮಗನ ಹೆಸರಿನ ಒಂದೇ ಒಂದು ಅಕೌಂಟು. ಸ್ವಿಚ್ ಒತ್ತಿದರೆ ಪಾಸ್‌ವರ್ಡ್ ಕೂಡ ಕೇಳದೆ ತಾನೇ ತೆರೆದುಕೊಳ್ಳುತ್ತಿತ್ತು. ರಜೆಯಲ್ಲಿ ಬಂದ ಸಂಬಂಧಿಕರ ಹುಡುಗ ಆಟ ಹಾಕಿಕೊಳ್ಳಲು ಜಾಗ ಸಾಲದೆಂದು ಕಂಡಕಂಡ ಫೋಲ್ಡರುಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಊರಿಗೆ ಹೋದ. ಸಂಘದ ಮೂರು ವರ್ಷದ ಲೆಕ್ಕ ಅದರಲ್ಲಿ ಹೋಯಿತು.

ಆಕೆ ಬರೆಯುತ್ತಾರೆ: "ಹಣ ತಿಂದಳು ಅಂತ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ ಅಕ್ಕ. ಆದರೆ ಅವತ್ತಿಂದ ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ." ಬ್ಯಾಂಕಿನ ಪಾಸ್‌ಬುಕ್ಕು, ಸದಸ್ಯರ ಕೈಯಲ್ಲಿದ್ದ ರಸೀದಿ, ಇವುಗಳನ್ನೆಲ್ಲ ಒಟ್ಟುಮಾಡಿ ಒಂದೂವರೆ ತಿಂಗಳು ರಾತ್ರಿ ಕೂತು ಮತ್ತೆ ಲೆಕ್ಕ ಬರೆದು ಒಪ್ಪಿಸಿದರಂತೆ. ಒಂದು ಪೈಸೆಯೂ ವ್ಯತ್ಯಾಸ ಬರಲಿಲ್ಲ. ಈಗ ಅವರು ಕೇಳುವುದು ಇಷ್ಟೇ: "ಇನ್ನು ಪುಸ್ತಕಕ್ಕೇ ವಾಪಸ್ ಹೋಗಲೇ?"

ಬೇಡಮ್ಮ. ಪುಸ್ತಕವೂ ಇರಲಿ, ಕಂಪ್ಯೂಟರೂ ಇರಲಿ. ಅಲ್ಲಿ ತಪ್ಪಿದ್ದು ಹುಡುಗನದು ಎನ್ನುವುದಕ್ಕಿಂತ ಮನೆಯ ಏರ್ಪಾಟಿನದು. ಐದು ಜನರ ಬಟ್ಟೆಯನ್ನು ಒಂದೇ ಟ್ರಂಕಿಗೆ ತುಂಬಿ, ಬೀಗ ಹಾಕದೆ, ನಡುಮನೆಯಲ್ಲಿ ಇಟ್ಟಂತೆ ಆಗಿತ್ತು. ಯಾರು ಏನನ್ನು ಎಳೆದರೂ ಇನ್ನೊಬ್ಬರದು ನೆಲಕ್ಕೆ ಬೀಳುತ್ತದೆ.

ವಿಚಿತ್ರವೆಂದರೆ ಈ ಲಿನಕ್ಸ್ ಇರುವುದೇ ಹಲವರು ಒಟ್ಟಿಗೆ ಬಳಸಲೆಂದು. ಇದರ ಮೂಲ ಯೂನಿಕ್ಸ್. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮುಂತಾದವರು ಶುರುಮಾಡಿದ್ದು. ಆಗ ಒಂದು ಕಂಪ್ಯೂಟರಿನ ಬೆಲೆ ಸಾಮಾನ್ಯದ್ದಲ್ಲ. ಒಂದು ಯಂತ್ರ, ಹತ್ತಾರು ಜನ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೈಹಾಕದಂತೆ ನೋಡಿಕೊಳ್ಳದಿದ್ದರೆ ದಿನ ಬೆಳಗಾದರೆ ಜಗಳ. ಅದಕ್ಕಿಂತ ಮುಂಚೆ, ೧೯೬೧ರ ಸುಮಾರಿಗೆ, ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬುವರ ತಂಡ ಇದೇ ಕಾರಣಕ್ಕೆ ಪಾಸ್‌ವರ್ಡನ್ನು ಬಳಕೆಗೆ ತಂದಿತ್ತು. ಯೂನಿಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ನಂಬರು, ಒಂದು ಸ್ವಂತ ಕೋಣೆ. ಅದೇ ರೀತಿಯನ್ನು ಹಿಡಿದು ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದ. ದುಬಾರಿ ಯಂತ್ರವನ್ನು ಹಂಚಿಕೊಳ್ಳಲು ಮಾಡಿದ ಏರ್ಪಾಟು ಇವತ್ತು ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ಲಿನ ಮನೆಗಳಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ನಾವೂ ಒಂದು ಯಂತ್ರ, ಐದು ಜನವೇ ತಾನೆ! ಆದರೂ ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಮಗನ ಹೆಸರಿನಲ್ಲೇ ಒಳಗೆ ಹೋಗಿ ಬರುತ್ತಾರೆ.

"ಇದೆಲ್ಲ ಇಂಜಿನಿಯರುಗಳಿಗೆ ಸರಿ, ನಮಗೆಲ್ಲಿ ಸಾಧ್ಯ" ಎಂದು ಪುಟ ತಿರುವಬೇಡಿ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲೇ. ಕೇರಳ ಸರ್ಕಾರ ೨೦೦೧ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುಮಾಡಿದ ಯೋಜನೆ ೨೦೧೭ರಲ್ಲಿ ಕೈಟ್ ಎಂಬ ಹೆಸರಿನ ಸಂಸ್ಥೆಯಾಯಿತು. ಉಬುಂಟುವನ್ನೇ ಮೂಲವಾಗಿಟ್ಟುಕೊಂಡು ಶಾಲೆಗಳಿಗೆ ಬೇಕಾದಂತೆ ಹೊಂದಿಸಿ ಕೊಡುತ್ತದೆ. ಹೈಸ್ಕೂಲು ಮಕ್ಕಳಿಗೆ ಬರುವುದು ಎಸ್ಸೆಸ್ಸೆಲ್ಸಿ ಮುಗಿಸಿದ ನಮಗೆ ಬಾರದೇ?

ಸರಿ, ಮೊದಲು ಎರಡು ಬಗೆಯ ಅಕೌಂಟುಗಳನ್ನು ತಿಳಿದುಕೊಳ್ಳಿ. ಒಂದು ಸಾಮಾನ್ಯದ್ದು, ಸ್ಟ್ಯಾಂಡರ್ಡ್ ಎನ್ನುತ್ತಾರೆ. ಈ ಅಕೌಂಟಿನವರು ತಮ್ಮ ಕೋಣೆಯಲ್ಲಿ ಏನು ಬೇಕಾದರೂ ಮಾಡಬಹುದು: ಬರೆಯಬಹುದು, ಅಳಿಸಬಹುದು, ಪರದೆಯ ಚಿತ್ರ ಬದಲಿಸಬಹುದು. ಪಕ್ಕದ ಕೋಣೆಯ ಸಾಮಾನು ಮುಟ್ಟಲಾಗದು, ಮನೆಯ ಗೋಡೆ ಒಡೆಯಲಾಗದು. ಇನ್ನೊಂದು ಯಜಮಾನಿಕೆಯದು, ಅಡ್ಮಿನಿಸ್ಟ್ರೇಟರ್. ಹೊಸ ತಂತ್ರಾಂಶ ಹಾಕುವುದು, ಹೊಸಬರಿಗೆ ಕೋಣೆ ಕೊಡುವುದು, ಮರೆತವರಿಗೆ ಹೊಸ ಪಾಸ್‌ವರ್ಡ್ ಕೊಡುವುದು, ಇವೆಲ್ಲ ಈ ಅಕೌಂಟಿನವರ ಕೈಲಿ.

ಕುಣಿಗಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ಕೆಳಗೆ ಗದ್ದೆ ಎಲ್ಲರಿಗೂ ಇತ್ತು. ತೂಬು ಎತ್ತುವವನು ಮಾತ್ರ ನೀರುಗಂಟಿ. ನಿಮ್ಮ ಗದ್ದೆಯಲ್ಲಿ ರಾಗಿ ಹಾಕಿ, ಭತ್ತ ಹಾಕಿ, ಅವನು ಕೇಳುವುದಿಲ್ಲ. ಆದರೆ ತೂಬಿಗೆ ಕೈಹಾಕುವಂತಿಲ್ಲ. ಯಾರ್ಯಾರೋ ತೂಬು ಎತ್ತಿದರೆ ಕೆರೆಯೇ ಬರಿದು.

ಯೂನಿಕ್ಸ್‌ನಲ್ಲಿ ಎಲ್ಲರಿಗಿಂತ ಮೇಲೆ ರೂಟ್ ಎಂಬೊಬ್ಬ ಇದ್ದಾನೆ, ಅವನ ನಂಬರು ಸೊನ್ನೆ. ಅವನು ಮಾಡಲಾರದ್ದೇ ಇಲ್ಲ. ಅಷ್ಟಕ್ಕೇ ಅವನು ಅಪಾಯ. ಆದ್ದರಿಂದ ಉಬುಂಟುವಿನಲ್ಲಿ ರೂಟ್‌ಗೆ ಪಾಸ್‌ವರ್ಡನ್ನೇ ಇಟ್ಟಿರುವುದಿಲ್ಲ, ನೇರವಾಗಿ ಅವನಾಗಿ ಒಳಗೆ ಹೋಗುವಂತಿಲ್ಲ. ಯಜಮಾನಿಕೆಯ ಅಕೌಂಟಿನವರು ಅಗತ್ಯ ಬಿದ್ದಾಗ ತಮ್ಮದೇ ಪಾಸ್‌ವರ್ಡ್ ಕೊಟ್ಟು ಆ ಕ್ಷಣಕ್ಕೆ ಅವನ ವೇಷ ಹಾಕುತ್ತಾರೆ. ಇದಕ್ಕೆ ಸುಡೊ ಎಂದು ಹೆಸರು, ೧೯೮೦ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ವೀರಣ್ಣನವರ ಊರಾದ ಗುಬ್ಬಿಯವರಿಗೆ ವೇಷದ ಮಾತು ಸುಲಭವಾಗಿ ತಿಳಿದೀತು. ರಂಗದ ಮೇಲೆ ಇರುವಷ್ಟು ಹೊತ್ತು ರಾಜ. ಇಳಿದು ಬಂದರೆ ಕಿರೀಟ ಪೆಟ್ಟಿಗೆಗೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಸುಡೊ ಬಳಸಿದರೆ ಉಬುಂಟು ಹದಿನೈದು ನಿಮಿಷ ಮತ್ತೆ ಕೇಳುವುದಿಲ್ಲ, ಆಮೇಲೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಅಂದಹಾಗೆ, ಆ ಕಿಟಕಿಯಲ್ಲಿ ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಕಾಣದು, ನಕ್ಷತ್ರವೂ ಕಾಣದು. ಕೀಲಿಮಣೆ ಕೆಟ್ಟಿತೆಂದು ಗಾಬರಿ ಬೀಳಬೇಡಿ. ಒತ್ತುತ್ತಾ ಹೋಗಿ, ಕೊನೆಗೆ ಎಂಟರ್ ಒತ್ತಿ. (ಹೊಸದಾಗಿ ಬಂದಿರುವ ಕೆಲವು ಆವೃತ್ತಿಗಳಲ್ಲಿ ನಕ್ಷತ್ರ ಕಂಡರೂ ಚಿಂತೆಯಿಲ್ಲ.)

ಈಗ ಮುಖ್ಯ ಮಾತು. ಉಬುಂಟು ಹಾಕುವಾಗ ಮೊದಲು ಯಾರ ಹೆಸರು ಬರೆಯುತ್ತಾರೋ ಅವರೇ ಯಜಮಾನರಾಗುತ್ತಾರೆ. ನಮ್ಮ ಮನೆಗಳಲ್ಲಿ ಹಾಕುವವರು ಯಾರು? ಕಾಲೇಜಿಗೆ ಹೋಗುವ ಮಗ, ಇಲ್ಲವೇ ಮೈದುನ, ಇಲ್ಲವೇ ಅಂಗಡಿಯ ಹುಡುಗ. ಅವನೇನೂ ಬೇಕೆಂದು ಅಧಿಕಾರ ಹಿಡಿದವನಲ್ಲ, ತಾನಾಗಿ ಬಂದದ್ದು. ನಾಳೆ ಅವನು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗುತ್ತಾನೆ, ಬೀಗದಕೈ ಅವನ ಜೇಬಿನಲ್ಲೇ ಹೋಗುತ್ತದೆ. ಆದ್ದರಿಂದ ನಾನು ಹೇಳುವುದು: ಮನೆಯಲ್ಲಿ ಯಜಮಾನಿಕೆಯ ಅಕೌಂಟು ಎರಡಿರಲಿ, ಮೂರು ಬೇಡ. ಎರಡರಲ್ಲಿ ಒಂದು ಮನೆಯಲ್ಲಿ ಸದಾ ಇರುವವರದ್ದಾಗಿರಲಿ. ಸದಾ ಇರುವವರು ಯಾರು? ನೀವೇ. ಕಡಲೆಬೇಳೆ ಡಬ್ಬಿಯಿಂದ ಹಿಡಿದು ಬೀರುವಿನ ಬೀಗದಕೈವರೆಗೆ ಎಲ್ಲಿದೆ ಎಂದು ಮನೆಮಂದಿಯೆಲ್ಲ ಕೇಳುವುದು ನಿಮ್ಮನ್ನೇ. ಇದೊಂದನ್ನು ಮಾತ್ರ "ನನಗೆ ತಿಳಿಯದು" ಅಂತ ಯಾಕೆ ಬಿಡುತ್ತೀರಿ?

ಮಾಡುವುದು ಹೀಗೆ. ಮಗ ಮನೆಯಲ್ಲಿರುವ ದಿನ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೌಸು ಮಾತ್ರ ನಿಮ್ಮ ಕೈಲಿರಲಿ. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಎಂಬಲ್ಲಿ ಯೂಸರ್ಸ್ ಒತ್ತಿ. ಅನ್‌ಲಾಕ್ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಮಗನೇ ಬರೆಯಲಿ. ಆಡ್ ಯೂಸರ್ ಒತ್ತಿ. ಪೂರ್ತಿ ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಬರೆಯಬಹುದು. ಅದರ ಕೆಳಗಿನ ಯೂಸರ್‌ನೇಮ್ ಮಾತ್ರ ಇಂಗ್ಲಿಷಿನ ಚಿಕ್ಕಕ್ಷರದಲ್ಲಿರಬೇಕು, ನಡುವೆ ಜಾಗ ಬಿಡಬಾರದು. ಇದನ್ನು ಆಮೇಲೆ ಬದಲಾಯಿಸುವುದು ತಲೆನೋವು, ಹಾಗಾಗಿ "ಅಮ್ಮ೧೨೩" ಎಂಬಂಥದ್ದೆಲ್ಲ ಬೇಡ, ನಿಮ್ಮ ನಿಜವಾದ ಹೆಸರನ್ನೇ ಕೊಡಿ. ಅಡ್ಮಿನಿಸ್ಟ್ರೇಟರ್ ಎಂಬ ಗುಂಡಿಯನ್ನು ನಿಮಗೆ ಮಾತ್ರ ಹಾಕಿ, ಉಳಿದವರಿಗೆ ಬೇಡ. ಪಾಸ್‌ವರ್ಡನ್ನು ಅವರವರೇ ಮೊದಲ ಸಲ ಒಳಗೆ ಹೋಗುವಾಗ ಇಟ್ಟುಕೊಳ್ಳುವಂತೆ ಬಿಡುವ ಅವಕಾಶವೂ ಅಲ್ಲೇ ಇದೆ, ಅದೇ ಒಳ್ಳೆಯದು. ಲಿನಕ್ಸ್ ಮಿಂಟ್ ಇರುವವರಿಗೆ ಇದೇ ಕೆಲಸ ಯೂಸರ್ಸ್ ಅಂಡ್ ಗ್ರೂಪ್ಸ್ ಎಂಬಲ್ಲಿ ಸಿಗುತ್ತದೆ.

ಆಟೊಮ್ಯಾಟಿಕ್ ಲಾಗಿನ್ ಎಂಬುದನ್ನು ಆರಿಸಿಬಿಡಿ. ಗುಬ್ಬಿಯ ಮನೆಯಲ್ಲಿ ಬಾಗಿಲು ತೆರೆದೇ ಇದ್ದದ್ದು ಇದರಿಂದಲೇ. ಇದು ಹಾಗೇ ಇದ್ದರೆ ಐದು ಅಕೌಂಟು ಮಾಡಿದರೂ ಎಲ್ಲರೂ ಮತ್ತೆ ಒಂದರಲ್ಲೇ ಬಂದು ಬೀಳುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೀರಿ, ಎದ್ದು ಹೋಗಬೇಕು, ಆಗ ವಿಂಡೋಸ್ ಗುರುತಿನ ಕೀಲಿಯ ಜೊತೆ ಎಲ್ ಒತ್ತಿ. ಪರದೆಗೆ ಬೀಗ ಬೀಳುತ್ತದೆ, ಮಾಡುತ್ತಿದ್ದ ಕೆಲಸ ಹಾಗೇ ಇರುತ್ತದೆ. ಆದರೆ ಕೆಲಸ ಪೂರ್ತಿ ಮುಗಿಸಿದ ಮೇಲೆ ಲಾಗ್ ಔಟ್ ಮಾಡಿ. ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರದಲ್ಲಿ ಮೂರು ಜನ ಒಳಗೇ ಕೂತಿದ್ದರೆ ಅದು ಏದುಸಿರು ಬಿಡುತ್ತದೆ, ಆಮೇಲೆ "ಈ ಲಿನಕ್ಸ್ ನಿಧಾನ" ಅಂತ ಬೈಗುಳ ಬೇರೆ.

ಅವರವರ ಅಕೌಂಟಿನಿಂದ ಇನ್ನೊಂದು ಸುಖವಿದೆ. ಭಾಷೆಯೂ ಅವರವರದೇ. ನಮ್ಮ ಅತ್ತೆಯವರ ಅಕೌಂಟಿನಲ್ಲಿ ಕನ್ನಡ, ಮಗನದರಲ್ಲಿ ಇಂಗ್ಲಿಷು. ಸಿಸ್ಟಮ್‌ನಲ್ಲೇ ರೀಜನ್ ಅಂಡ್ ಲ್ಯಾಂಗ್ವೇಜ್ ಎಂದಿದೆ, ಅಲ್ಲಿ ಯುವರ್ ಅಕೌಂಟ್ ಎಂಬುದರ ಕೆಳಗೆ ಆರಿಸಿದರೆ ನಿಮ್ಮೊಬ್ಬರಿಗೆ ಮಾತ್ರ ಅನ್ವಯ. ಎಲ್ಲ ಮಾತೂ ಕನ್ನಡವಾಗುವುದಿಲ್ಲ, ಅಲ್ಲಲ್ಲಿ ಇಂಗ್ಲಿಷು ಉಳಿಯುತ್ತದೆ. ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕಗಪ ಎಂಬ ವಿನ್ಯಾಸ ಸೇರಿಸಿಕೊಂಡರೆ ನುಡಿಯಲ್ಲಿ ಬರೆದು ಅಭ್ಯಾಸವಿದ್ದವರ ಕೈ ತಡವರಿಸುವುದಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ ಕ್ರಮವೇ ಅದಕ್ಕೆ ಮೂಲ. ಅತ್ತೆಯವರು ತಮ್ಮ ಹೆಸರಿನ ಪಕ್ಕಕ್ಕೆ ತುಳಸಿಕಟ್ಟೆಯ ಚಿತ್ರ ಹಾಕಿಸಿಕೊಂಡಿದ್ದಾರೆ. ಓದಲು ಕನ್ನಡಕ ಸಿಗದಿದ್ದರೂ ತುಳಸಿಕಟ್ಟೆ ನೋಡಿ ಒತ್ತುತ್ತಾರೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ತಮ್ಮದೇ ಒಂದು ಪಾಸ್‌ವರ್ಡ್ ಇದೆ ಎಂಬ ಜಂಬ ನೋಡಬೇಕು ನೀವು! ಯಾರಿಗೂ ಹೇಳುವುದಿಲ್ಲ, ನನಗೂ ಹೇಳಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿಯೊಬ್ಬರ ಕೋಣೆಗೂ ಹೋಮ್ ಎಂದು ಹೆಸರು. ಉಬುಂಟುವಿನಲ್ಲಿ ೨೦೨೧ರ ಏಪ್ರಿಲ್‌ನಲ್ಲಿ ಬಂದ ಆವೃತ್ತಿಯಿಂದ ಈಚೆಗೆ ಹೊಸದಾಗಿ ಮಾಡಿದ ಕೋಣೆಯೊಳಗೆ ಬೇರೆಯವರು ಇಣುಕಲಾಗದು. ಅದಕ್ಕೂ ಹಳೆಯದರಲ್ಲಿ ಅಳಿಸಲು ಆಗುತ್ತಿರಲಿಲ್ಲ, ಆದರೆ ತೆರೆದು ಓದಬಹುದಿತ್ತು. ಹಳೆಯದನ್ನೇ ಇಟ್ಟುಕೊಂಡವರು ತಮ್ಮ ಹೋಮ್ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಪರ್ಮಿಷನ್ಸ್ ನೋಡಿ. ಮೂರು ಸಾಲು ಇರುತ್ತದೆ: ಒಡೆಯರು, ಗುಂಪು, ಉಳಿದವರು. ಉಳಿದವರು ಎಂಬಲ್ಲಿ ನನ್ ಎಂದು ಮಾಡಿ.

ಹೀಗೆ ಮಾಡಿದರೂ ಯಜಮಾನಿಕೆ ಇರುವವರು ಬೇಕೆಂದರೆ ಯಾರ ಕೋಣೆಯನ್ನಾದರೂ ತೆರೆಯಬಲ್ಲರು. ಇದನ್ನು ಮುಚ್ಚಿಟ್ಟು ಹೇಳಿದರೆ ತಪ್ಪಾಗುತ್ತದೆ. ಬೀಗದಕೈ ನಿಮ್ಮ ಕೈಗೆ ಬಂತೆಂದು ಸೊಸೆಯ ಕಾಗದ, ಮಗಳ ಡೈರಿ ತೆಗೆದು ನೋಡಲು ಹೋಗಬೇಡಿ. ಮಗಳು ತನ್ನ ಅಕೌಂಟಿನಲ್ಲಿ ಏನು ಬರೆಯುತ್ತಾಳೋ ಅದು ಅವಳದು. ಅನುಮಾನ ಇದ್ದರೆ ಎದುರು ಕೂರಿಸಿಕೊಂಡು ಕೇಳಿ. ಕದ್ದು ನೋಡಿದ್ದು ಒಂದು ದಿನ ಗೊತ್ತಾಗಿಯೇ ಆಗುತ್ತದೆ, ಆಮೇಲೆ ಆ ಮಗು ನಿಮಗೆ ಏನನ್ನೂ ಹೇಳುವುದಿಲ್ಲ. ಅದೇ ಮಾತು ಯಜಮಾನರಿಗೂ. "ಹೆಂಡತಿಗೆ ಪಾಸ್‌ವರ್ಡ್ ಯಾಕೆ, ನಮ್ಮ ಮನೇಲಿ ಮುಚ್ಚುಮರೆ ಇಲ್ಲ" ಎನ್ನುವ ಗಂಡಸರು ಇದ್ದಾರೆ. ಮುಚ್ಚುಮರೆಯ ಪ್ರಶ್ನೆಯಲ್ಲ ಸ್ವಾಮಿ. ಹದಿನಾಲ್ಕು ಹೆಂಗಸರು ಕೂಡಿಟ್ಟ ದುಡ್ಡಿನ ಲೆಕ್ಕ ಅದು. ಅದಕ್ಕೆ ಉತ್ತರ ಹೇಳಬೇಕಾದವಳು ಆಕೆ. ಹಾಗಿದ್ದ ಮೇಲೆ ಬೀಗವೂ ಆಕೆಯದೇ ಇರಬೇಕಲ್ಲವೇ?

ಗುಬ್ಬಿಯ ಸೋದರಿಗೆ ಇನ್ನೆರಡು ಮಾತು. ಅಕೌಂಟಿದ್ದರೆ ಬೇರೆಯವರು ಅಳಿಸಲಾರರು, ಸರಿ. ಯಂತ್ರದ ಡಿಸ್ಕೇ ಕೆಟ್ಟುಹೋದರೆ ಅಕೌಂಟು ಕಾಯುವುದಿಲ್ಲ. ಪ್ರತಿ ಸಭೆಯ ದಿನ ಸಂಘದ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಸಂಘದ ಪೆಟ್ಟಿಗೆಯಲ್ಲೇ ಇಡಿ. ಆ ತಿಂಗಳ ಒಂದು ಹಾಳೆ ಅಚ್ಚು ತೆಗೆದು ಸದಸ್ಯರ ಸಹಿ ಹಾಕಿಸಿ. ರಜೆಗೆ ಬರುವ ಮಕ್ಕಳಿಗೆ "ಅತಿಥಿ" ಎಂಬ ಸಾಮಾನ್ಯ ಅಕೌಂಟೊಂದನ್ನು ಮಾಡಿಡಿ. ಮಿಂಟ್‌ನಲ್ಲಾದರೆ ಗೆಸ್ಟ್ ಸೆಷನ್ ಎಂಬ ಅವಕಾಶವೇ ಇದೆ, ಲಾಗಿನ್ ವಿಂಡೋ ಎಂಬಲ್ಲಿ ಹೋಗಿ ಅದನ್ನು ಹಚ್ಚಬೇಕು. ಹೊರಗೆ ಬಂದ ಕೂಡಲೇ ಅತಿಥಿ ಬರೆದದ್ದೆಲ್ಲ ತಾನಾಗಿ ಒರೆಸಿಹೋಗುತ್ತದೆ. ಸಂಜೆ ಪಾಠಕ್ಕೆ ಮಕ್ಕಳು ಬರುವ ಮನೆಗಳಿಗೆ ಇದು ಹೇಳಿಮಾಡಿಸಿದ್ದು.

ಮನೆಯಿಂದ ಒಬ್ಬರು ಹೋದಾಗ, ಮಗಳ ಮದುವೆಯಾಯಿತು ಅಥವಾ ಮೈದುನ ಬೇರೆ ಮನೆ ಮಾಡಿದ ಅನ್ನಿ, ಅವರ ಅಕೌಂಟನ್ನು ಏನು ಮಾಡುವುದು? ಅವಸರದಲ್ಲಿ ತೆಗೆದುಹಾಕಬೇಡಿ. ರಿಮೂವ್ ಯೂಸರ್ ಒತ್ತಿದರೆ ಫೈಲುಗಳನ್ನು ಉಳಿಸಬೇಕೋ ಅಳಿಸಬೇಕೋ ಎಂದು ಯಂತ್ರ ಕೇಳುತ್ತದೆ. ಓದದೆ ಒತ್ತುವವರಿಂದ ಎಷ್ಟೋ ಮದುವೆ ಫೋಟೋಗಳು ಹೋಗಿವೆ. ಉಳಿಸಿ ಎಂದರೂ ಒಂದು ತೊಡಕಿದೆ, ಅದನ್ನು ಬಹಳ ಜನ ಬಲ್ಲವರೂ ಹೇಳುವುದಿಲ್ಲ. ಯಂತ್ರ ಒಳಗೊಳಗೆ ನೆನಪಿಡುವುದು ಹೆಸರನ್ನಲ್ಲ, ನಂಬರನ್ನು. ಉಬುಂಟುವಿನಲ್ಲಿ ಮನೆಯವರ ನಂಬರು ೧೦೦೦ದಿಂದ ಶುರು. ಮಗನಿಗೆ ೧೦೦೦, ನಿಮಗೆ ೧೦೦೧, ಮಗಳಿಗೆ ೧೦೦೨ ಎಂದಿಟ್ಟುಕೊಳ್ಳಿ. ಮಗಳ ಅಕೌಂಟು ತೆಗೆದರೆ ಅವಳ ಫೈಲುಗಳು ೧೦೦೨ ಎಂಬ ಬರಿಯ ಸಂಖ್ಯೆಗೆ ಸೇರಿ ಅನಾಥವಾಗಿ ಕೂರುತ್ತವೆ. ಆಮೇಲೆ ಹೊಸಬರೊಬ್ಬರಿಗೆ ಅಕೌಂಟು ಮಾಡಿದಿರಿ, ಅವರಿಗೂ ೧೦೦೨ ಬಂತು. ಮುಗಿಯಿತು, ಮಗಳ ಫೈಲುಗಳೆಲ್ಲ ಹೊಸಬರವು! ಬಾಡಿಗೆದಾರರು ಬದಲಾದರೂ ಬಾಗಿಲ ಮೇಲಿನ ನಂಬರು ನೋಡಿ ಹಳಬರ ಕಾಗದವನ್ನು ಅಂಚೆಯವನು ಹೊಸಬರಿಗೆ ಕೊಟ್ಟು ಹೋಗುತ್ತಾನಲ್ಲ, ಹಾಗೆ.

ಆದ್ದರಿಂದ ತೆಗೆಯುವ ಬದಲು ಬೀಗ ಹಾಕಿಡುವುದು ಮೇಲು. ಟರ್ಮಿನಲ್‌ನಲ್ಲಿ ಸುಡೊ ಎಂದು ಬರೆದು, ಜಾಗ ಬಿಟ್ಟು, ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದದಿಂದ ಓ ಮತ್ತು ಆರ್ ಅಕ್ಷರ ತೆಗೆದರೆ ಉಳಿಯುವ ಪದ ಬರೆದು, ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ಅದಕ್ಕಂಟಿದಂತೆ ಎಲ್ ಅಕ್ಷರ, ಮತ್ತೆ ಜಾಗ ಬಿಟ್ಟು ಯೂಸರ್‌ನೇಮ್. ಎಲ್ಲ ಚಿಕ್ಕಕ್ಷರ. ಎಲ್ ಬದಲು ಯು ಹಾಕಿದರೆ ಬೀಗ ತೆಗೆದಂತೆ. ಮಗಳು ಬಾಣಂತನಕ್ಕೆ ತೌರಿಗೆ ಬಂದಾಗ ತೆಗೆದುಕೊಡಿ, ಬಿಟ್ಟುಹೋದದ್ದೆಲ್ಲ ಬಿಟ್ಟಲ್ಲೇ ಇರುತ್ತದೆ.

ಇನ್ನು ಕುಣಿಗಲ್ಲಿನ ಕಾಗದ. ಓದಿ ನನಗೆ ಆ ಹೊತ್ತು ಅಡಿಗೆ ಮಾಡಲು ಮನಸ್ಸಾಗಲಿಲ್ಲ. ಯಜಮಾನರು ತೀರಿಕೊಂಡು ನಾಲ್ಕು ತಿಂಗಳು. ಕಂಪ್ಯೂಟರನ್ನು ಬಳಸುತ್ತಿದ್ದವರು ಅವರೊಬ್ಬರೇ, ಉಬುಂಟುವೇ. ಜಮೀನಿನ ಪತ್ರಗಳ ಸ್ಕ್ಯಾನು, ವಿಮೆ ಪಾಲಿಸಿಗಳ ಪಟ್ಟಿ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕ ಎಲ್ಲ ಅದರಲ್ಲಿದೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ರಿಪೇರಿ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದರೆ, "ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡ್ತೀವಿ, ಐನೂರು ರೂಪಾಯಿ" ಎಂದರಂತೆ. "ಮನಸ್ಸು ಒಪ್ಪಲಿಲ್ಲ, ವಾಪಸ್ ಆಟೋದಲ್ಲಿ ಹಾಕ್ಕೊಂಡು ಬಂದೆ. ನಾನು ಮಾಡಿದ್ದು ಸರಿಯೇ?" ಎಂದು ಕೇಳಿದ್ದಾರೆ.

ನೂರಕ್ಕೆ ನೂರು ಸರಿ ಕಣಮ್ಮ. ಫಾರ್ಮ್ಯಾಟ್ ಎಂದರೆ ಎಲ್ಲವನ್ನೂ ಅಳಿಸುವುದು. ಬೀಗದಕೈ ಕಳೆಯಿತೆಂದು ಮನೆಯನ್ನೇ ಕೆಡವಿ ಕಟ್ಟಿಕೊಡುತ್ತೇವೆ ಅಂದಂತೆ. ಬೀಗ ತೆಗೆಯುವ ದಾರಿ ಆ ಯಂತ್ರದಲ್ಲೇ ಇದೆ. ತಿಳಿದ ಹುಡುಗನನ್ನೋ ಹುಡುಗಿಯನ್ನೋ ಮನೆಗೇ ಕರೆಸಿ, ಪಕ್ಕದಲ್ಲಿ ಕೂತು ಈ ಪುಟ ತೋರಿಸಿ. ಯಂತ್ರ ಹಚ್ಚಿದ ಕೂಡಲೇ ಎಸ್ಕೇಪ್ ಕೀಲಿ ತಟ್ಟಬೇಕು, ತುಂಬ ಹಳೆಯದಾದರೆ ಶಿಫ್ಟ್ ಒತ್ತಿ ಹಿಡಿಯಬೇಕು. ಗ್ರಬ್ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್ ಎಂಬ ಸಾಲು, ಆಮೇಲೆ ಬರುವ ಪಟ್ಟಿಯಲ್ಲಿ ರೂಟ್. ಆಗ ಹೇಳಿದೆನಲ್ಲ, ನಂಬರು ಸೊನ್ನೆಯವನು, ಅವನು ಇಲ್ಲಿ ಪಾಸ್‌ವರ್ಡ್ ಕೇಳದೆ ಸಿಗುತ್ತಾನೆ. ಡಿಸ್ಕನ್ನು ಬರೆಯಲು ಬರುವಂತೆ ರಿಮೌಂಟ್ ಮಾಡಿ, ಹೋಮ್ ಎಂಬಲ್ಲಿ ಯಾವ ಯಾವ ಹೆಸರಿನ ಕೋಣೆಗಳಿವೆ ಎಂದು ನೋಡಿದರೆ ನಿಮ್ಮವರ ಯೂಸರ್‌ನೇಮ್ ತಿಳಿಯುತ್ತದೆ. ಮೇಲೆ ಹೇಳಿದ ಓ ಮತ್ತು ಆರ್ ಇಲ್ಲದ ಪದದ ಮುಂದೆ ಆ ಹೆಸರು ಬರೆದರೆ ಹೊಸ ಪಾಸ್‌ವರ್ಡ್ ಕೇಳುತ್ತದೆ. ತಿಳಿದವರಿಗೆ ಹತ್ತು ನಿಮಿಷದ ಕೆಲಸ. ಒಂದು ಫೈಲೂ ಅಳಿಯುವುದಿಲ್ಲ.

ಇಷ್ಟು ಸುಲಭವಾದರೆ ಬೀಗವೇ ಯಾತಕ್ಕೆ ಎನ್ನುತ್ತೀರಾ? ಅಕೌಂಟಿನ ಬೀಗ ಮನೆಯೊಳಗಿನವರ ನಡುವಿನ ಬೀಗ. ಯಂತ್ರವನ್ನೇ ಹೊತ್ತೊಯ್ಯುವ ಕಳ್ಳನಿಗೆ ಅಲ್ಲ. ಕಳ್ಳನಿಗೂ ಆಗದಂತೆ ಮಾಡಬೇಕಾದರೆ ಉಬುಂಟು ಹಾಕುವಾಗಲೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕು. ಹಾಗೆ ಮಾಡಿದ್ದರೆ ಯಂತ್ರ ಶುರುವಿನಲ್ಲೇ, ಹೆಸರುಗಳು ಕಾಣುವುದಕ್ಕೂ ಮೊದಲೇ, ಒಂದು ಗುಪ್ತಪದ ಕೇಳುತ್ತದೆ. ಅದು ಕಳೆದುಹೋದರೆ ಮಾತ್ರ ದೇವರೇ ಗತಿ, ಯಾವ ದಾರಿಯೂ ಇಲ್ಲ. ನಮ್ಮಂಥ ಮನೆಗಳಲ್ಲಿ ಮೇಜಿನ ಮೇಲೆ ಕೂತಿರುವ ಕಂಪ್ಯೂಟರಿಗೆ ಅದು ಬೇಡವೆಂದೇ ನನ್ನ ಎಣಿಕೆ. ಊರೂರು ತಿರುಗುವ ಲ್ಯಾಪ್‌ಟಾಪಿಗೆ ಬೇಕು. ನಿಮ್ಮ ಕಾಗದ ನೋಡಿದರೆ ಹೆಸರು ಕಾಣುವ ಪರದೆಯವರೆಗೂ ಹೋಗುತ್ತದೆ ಎಂದಿದ್ದೀರಿ, ಹಾಗಾಗಿ ಡಿಸ್ಕಿಗೆ ಆ ಬೀಗ ಇರಲಾರದು. ಧೈರ್ಯವಾಗಿರಿ.

ತೆರೆದ ಮೇಲೆ ಕೀರಿಂಗ್ ಎಂಬ ಕಿಟಕಿಯೊಂದು ಬಂದು ಹಳೆಯ ಪಾಸ್‌ವರ್ಡ್ ಕೇಳಬಹುದು. ಅವರು ಯಂತ್ರದಲ್ಲಿ ನೆನಪಿಗೆ ಇಟ್ಟ ಬೇರೆ ಬೇರೆ ಪಾಸ್‌ವರ್ಡುಗಳ ಗೊಂಚಲು ಅದು. ಅದಕ್ಕೆ ಹಳೆಯದೇ ಬೇಕು, ಹೊಸದು ನಡೆಯದು. ರದ್ದು ಮಾಡಿ ಮುಂದೆ ಹೋಗಿ. ಪತ್ರ, ಫೋಟೋ, ಲೆಕ್ಕ ಯಾವುದಕ್ಕೂ ಅದರ ಹಂಗಿಲ್ಲ. ಬ್ರೌಸರಿನಲ್ಲಿ ಅವರು ಉಳಿಸಿದ್ದ ಕೆಲವು ಪಾಸ್‌ವರ್ಡು ಮಾತ್ರ ಸಿಗದೇ ಹೋಗಬಹುದು, ಬ್ಯಾಂಕು ಮತ್ತು ವಿಮೆಯವರ ಹತ್ತಿರ ಮರಣಪತ್ರ ತೋರಿಸಿಯೇ ಆ ಕೆಲಸ ಮಾಡಿಸಿಕೊಳ್ಳಬೇಕು.

ಮೊದಲ ದಿನ ಏನನ್ನೂ ಅಳಿಸಬೇಡಿ, ಒಪ್ಪ ಮಾಡಲೂ ಹೋಗಬೇಡಿ. ಅವರ ಕೋಣೆಯನ್ನು ಇದ್ದಂತೆಯೇ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿಸಿ. ಜಮೀನು, ವಿಮೆಯ ಕಾಗದಗಳನ್ನು ಅಚ್ಚು ತೆಗೆಸಿ ಬೀರುವಿನಲ್ಲಿಡಿ. ಆಮೇಲೆ ಅದೇ ಯಂತ್ರದಲ್ಲಿ ನಿಮ್ಮ ಹೆಸರಿನ ಅಕೌಂಟು ಮಾಡಿಸಿ, ಯಜಮಾನಿಕೆಯ ಗುಂಡಿ ಹಾಕಿಸಿ. ಪಿ.ಯು.ಸಿ. ಓದುತ್ತಿರುವ ಮಗಳು ಇದ್ದಾಳೆಂದು ಬರೆದಿದ್ದೀರಿ, ಎರಡನೆಯ ಬೀಗದಕೈ ಅವಳಿಗಿರಲಿ. ಇಬ್ಬರ ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಒಡವೆ ಇಡುವ ಜಾಗದಲ್ಲಿಡಿ. ಯಜಮಾನರ ಅಕೌಂಟನ್ನು ತೆಗೆಯಬೇಡಿ, ಬೀಗ ಹಾಕಿ ಬಿಡಿ. ನೋಡಬೇಕೆನಿಸಿದ ದಿನ ತೆರೆದು ನೋಡಬಹುದು.